ಎರಡು ಹೊಳೆ, ಒಂದು ಕಿವಿತೂತು

ನನಗಾಗ ಇಪ್ಪತ್ತೆರಡು ವರ್ಷ. ಈಗ್ಗೆ ಐವತ್ತು ವರ್ಷದ ಮೇಲಾಯಿತು. ಕೂಡಿಸುವುದು ನನಗೆ ಅಷ್ಟಾಗಿ ಬರುವುದಿಲ್ಲ, ಬೇಕಾದವರು ಕೂಡಿಸಿಕೊಳ್ಳಿ. ಅಕ್ಷರವೂ ತಡವಾಗಿ, ಮೊಮ್ಮಗಳ ಪಾಟಿಯ ಮೇಲೆ ಬಂದದ್ದು. ಎಲ್ಲಾದರೂ ಒತ್ತು ಜಾರಿದ್ದರೆ ಬೈದುಕೊಂಡು ಮುಂದೆ ಓದಿ.

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ನಶ್ಯ, ನಮ್ಮ ಓಣಿಯ ಒಬ್ಬಾಕೆಗೆ ಒಲೆಯ ಮಣ್ಣು ತಿನ್ನುವ ಚಟವಿತ್ತು. ನನಗೆ ಸಂದಿಯ ಚಟ. ಸಂದಿ ಕಂಡರೆ ಒಳಗೆ ಕೈ ಹಾಕಿ ಏನಿದೆ ಎಂದು ನೋಡಬೇಕು. ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂಬುದಾದರೂ ಗೊತ್ತಾಗಬೇಕು. ನನ್ನ ತವರೂರು ಗೂಗಲ್‌ನಲ್ಲಿ ಸಣ್ಣವಳಿದ್ದಾಗ ಹೊಳೆದಂಡೆಯ ಬಂಡೆಗಳ ಸಂದಿಗೆಲ್ಲ ಕೈ ಹಾಕಿ ಏಡಿಗಳಿಂದ ಕಚ್ಚಿಸಿಕೊಂಡಿದ್ದೇನೆ. ಒಮ್ಮೆ ಚೇಳೂ ಸಿಕ್ಕಿತು. ಕೈ ಊದಿಕೊಂಡು ಒಲೆಯ ಮುಂದೆ ಅಳುತ್ತ ಕೂತಿದ್ದಾಗ ಅವ್ವ ಹೇಳಿದ್ದಳು: "ಈ ಹುಡುಗಿ ಕೈ ಒಂದಿನ ಒಳಗ ಉಳೀತದ, ಮೈಯಷ್ಟ ಹೊರಗ ಬರ್ತದ." ಅವಳು ಹೇಳಿದಂತೆ ಆಗಲಿಲ್ಲ, ಆದರೆ ಅದಕ್ಕೆ ಬಹಳ ಹತ್ತಿರದ್ದು ಆಯಿತು. ಕೈ ಹಾಕಿದ್ದು ವಿಮಾನದ ಹೊಟ್ಟೆಯೊಳಗೆ.

ವಿಮಾನಕ್ಕೆ ಹೋಗುವ ಮುಂಚೆ ಮನೆಗೆ ಹೋಗೋಣ. ನನ್ನನ್ನು ಕೊಟ್ಟದ್ದು ರಾಯಚೂರಿಗೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಈಗ ಅವನಿಲ್ಲ, ಕಡಿಮೆಯಾಗಲು ಏನೂ ಉಳಿದಿಲ್ಲ, ಆದ್ದರಿಂದ ಹೇಳುತ್ತೇನೆ: ಬಸಣ್ಣ. ಶೇಂಗಾ ಎಣ್ಣೆಯ ಗಿರಣಿಯಲ್ಲಿ ಇಂಜಿನ್ನು ನೋಡಿಕೊಳ್ಳುವ ಕೆಲಸ. ಸಾಹುಕಾರರ ಮನೆಯ ರೇಡಿಯೋ ಒಮ್ಮೆ ಕೆಟ್ಟು ನಿಂತಿತ್ತು. ಇವನು ಅದರ ತಲೆಯ ಮೇಲೆ ಒಂದು ಏಟು ಕೊಟ್ಟ, ಅದು ಮಾತಾಡಿತು. ಅಂದಿನಿಂದ ಊರಲ್ಲಿ ವೈರು ಇದ್ದ ಯಾವ ಸಾಮಾನು ಕೆಟ್ಟರೂ ಬಸಣ್ಣನನ್ನು ಕರೆಯಿರಿ ಎನ್ನುವಂತಾಯಿತು. ಆ ಏಟಿನ ಸಂಗತಿ ನನಗೆ ಮಾತ್ರ ಹೇಳಿದ್ದ.

ಮನೆಯಲ್ಲಿ ನಾವು ಮೂರೇ ಮಂದಿ, ಮೂರನೆಯವಳು ಅತ್ತೆ ನೀಲವ್ವ. ಅತ್ತೆ ಮಾನ್ವಿ ಸೀಮೆಯವಳು, ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿದವಳು. ನಾನು ದೇವದುರ್ಗ ಸೀಮೆಯವಳು, ಕೃಷ್ಣೆಯ ದಂಡೆಯವಳು. ರಾಯಚೂರು ಎರಡೂ ಹೊಳೆಗಳ ನಡುವೆ ಇದೆ, ಯಾವುದೂ ಊರಿಗೆ ಹತ್ತಿರವಲ್ಲ. ನಮಗಿದ್ದದ್ದು ಓಣಿಯ ಬಾವಿ, ಅದೂ ಸವುಳು ನೀರು. ಆ ನೀರಿಗೆ ಬೇಳೆ ಬೇಯದಿದ್ದರೆ ಅತ್ತೆ ಬಾವಿಯನ್ನು ಬೈಯುತ್ತಿರಲಿಲ್ಲ, ಕೃಷ್ಣೆಯನ್ನು ಬೈಯುತ್ತಿದ್ದಳು.

"ನಮ್ಮ ಹೊಳಿ ನೀರಾದ್ರ ಒಲಿ ಮ್ಯಾಲೆ ಇಡೂದ್ರಾಗ ಬ್ಯಾಳಿ ಬೇಯ್ತಿತ್ತು."

"ನಮ್ಮ ಹೊಳ್ಯಾಗ ಒಲೀನ ಬೇಕಾಗಿದ್ದಿಲ್ಲ ಬಿಡ್ರಿ ಅತ್ತಿ, ತೊಳಿಯಾಕ ಹೋದ ಬ್ಯಾಳಿ ಬೆಂದ ಬರ್ತಿತ್ತು."

"ನಿಂದೇನು ಹೊಳಿ? ಕಾಲುವಿ! ನಮ್ಮದು ದಾಟಬೇಕಂದ್ರ ಹರಗೋಲನಾಗ ಕುಂತು ಎರಡ ಸಲ ಎಲಿ ಹಾಕ್ಕೋಬೇಕು."

"ನಮ್ಮದು ದಾಟೂದ್ರಾಗ ಕುಂತವರು ಮುದುಕರಾಗ್ತಾರ್ರಿ."

ಬಸಣ್ಣ ರೊಟ್ಟಿ ಮುರಿಯುತ್ತ ಹೇಳುತ್ತಿದ್ದ: "ಎರಡೂ ಮುಂದ ಹೋಗಿ ಕೂಡ್ತಾವ. ಸುಮ್ನ ಉಣ್ರಿ."

"ಕೂಡೂದು ಇರಲಿ. ಯಾವುದು ಯಾವುದ್ರಾಗ ಕೂಡ್ತದ, ಅದನ್ನ ಹೇಳು!" ಎಂದು ಅತ್ತೆ ಅವನ ಮೇಲೆ ಹೋಗುತ್ತಿದ್ದಳು. ಅವನು ಕೈ ತೊಳೆದುಕೊಂಡು ಗಿರಣಿಗೆ ನಡೆಯುತ್ತಿದ್ದ.

ನಗಬೇಡಿ. ಈ ಜಗಳ ನಾನು ಮದುವೆಯಾಗಿ ಬಂದ ವಾರದಲ್ಲಿ ಶುರುವಾದದ್ದು. ನಾನು ಅತ್ತೆಯ ಹೊಳೆ ನೋಡಿರಲಿಲ್ಲ, ಅತ್ತೆ ನನ್ನದನ್ನು ನೋಡಿರಲಿಲ್ಲ. ಇಬ್ಬರೂ ನೋಡಿದ್ದರೆ ಜಗಳ ಎಂದೋ ಮುಗಿಯುತ್ತಿತ್ತು. ಅತ್ತೆಗೆ ಜಗಳ ಬೇಕಾಗಿತ್ತು, ನನಗೆ ಉತ್ತರ ಬೇಕಾಗಿತ್ತು. ಎರಡನ್ನೂ ಒಟ್ಟಿಗೆ ಅಕ್ಕಪಕ್ಕ ಇಟ್ಟು ನೋಡಬೇಕು, ಯಾವುದು ಅಗಲ ಎಂದು ಒಮ್ಮೆ ತಿಳಿಯಬೇಕು ಎಂಬುದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆದರೆ ಹೊಳೆಯೇನು ರೊಟ್ಟಿಯೇ, ಒಂದರ ಮೇಲೊಂದು ಇಟ್ಟು ನೋಡಲು?

ಹೀಗಿರುವಾಗ ವಿಮಾನ ಬಂತು. ದೊಡ್ಡ ಯುದ್ಧ ಮುಗಿದ ಹೊಸತು. ತುಂಗಭದ್ರೆಗೆ ಅಣೆಕಟ್ಟು ಕಟ್ಟುತ್ತಾರೆ, ಕಾಲುವೆ ಬರುತ್ತದೆ ಎಂದು ಎಲ್ಲೆಲ್ಲೂ ಅದೇ ಮಾತು. ಆ ಹೊಳೆಯನ್ನು ಮೇಲಿನಿಂದ ನೋಡುವುದಕ್ಕೆ ಒಬ್ಬ ಇಂಜಿನಿಯರ ಸಾಹೇಬರನ್ನು ಕೂರಿಸಿಕೊಂಡು ಆ ಸಣ್ಣ ವಿಮಾನ ಬಂದು ಊರ ಹೊರಗಿನ ಬಯಲಿನಲ್ಲಿ ಇಳಿಯಿತು. ಮುಂದೆ ನಡೆಸುವವನಿಗೆ ಒಂದು ಸೀಟು, ಅವನ ಬೆನ್ನಿಗೆ ಇನ್ನೊಂದು, ಅಷ್ಟೇ. ಊರಿಗೆ ಊರೇ ನೋಡಲು ಹೋಯಿತು. ಮೈಯೆಲ್ಲ ತಗಡು ಇರಬಹುದು ಎಂದುಕೊಂಡಿದ್ದೆವು. ಒಬ್ಬಾಕೆ ಮುಟ್ಟಿ ನೋಡಿ, "ಏ, ಅರಿವಿಬೇ ಇದು! ಅರಿವಿ ಹೊಲದು ಮ್ಯಾಲೆ ಬಣ್ಣ ಬಡದಾರ!" ಎಂದಳು. ಬಟ್ಟೆ ಎಂದು ತಿಳಿದ ಮೇಲೆ ಹೆಂಗಸರಿಗೆಲ್ಲ ಆ ವಿಮಾನದ ಮೇಲೆ ಒಂದು ಸಲುಗೆಯೇ ಬಂತು. ಹೊಲಿಗೆ ಎಲ್ಲಿದೆ, ದಾರ ಎಂಥದು ಎಂದು ತಡವಿ ತಡವಿ ನೋಡಿದೆವು.

ವಿಮಾನ ನಡೆಸುವವನು ಜಮಾಲ್ ಸಾಹೇಬ. ಗುಲ್ಬರ್ಗಾದಲ್ಲಿ ಬೆಳೆದವನು, ನಮ್ಮ ಮಾತು ನಮ್ಮಂತೆಯೇ ಆಡುತ್ತಿದ್ದ. ಅವನಿಗೂ ಇಂಜಿನಿಯರರಿಗೂ ಒಂದು ತಂಟೆ ಇತ್ತು. ಇಂಜಿನ್ನಿನ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲವಲ್ಲ, ಅದಕ್ಕೆ ಇಬ್ಬರೂ ಕಿವಿಗೆ ಎರಡು ಕರಿ ಬಟ್ಟಲು ಕಟ್ಟಿಕೊಳ್ಳುತ್ತಿದ್ದರು, ಬಾಯಿಯ ಮುಂದೆ ಒಂದು ಗುಂಡಿ ಇಟ್ಟುಕೊಳ್ಳುತ್ತಿದ್ದರು. ಅವುಗಳಿಂದ ವೈರು ಇಳಿದು, ಅದರ ತುದಿಯ ಪಿನ್ನನ್ನು ವಿಮಾನದ ಪಕ್ಕೆಯಲ್ಲಿದ್ದ ತೂತಿಗೆ ಸಿಗಿಸಬೇಕು. ಕಿವಿಗೆ ಒಂದು ತೂತು, ಬಾಯಿಗೆ ಒಂದು. ಜಮಾಲ್ ಸಾಹೇಬ ಅದಕ್ಕೆ ಜ್ಯಾಕ್ ಎನ್ನುತ್ತಿದ್ದ. ನಾವು ಕಿವಿತೂತು, ಬಾಯಿತೂತು ಎಂದೆವು, ಅದು ಯಾರಿಗೂ ಮರೆಯಲಿಲ್ಲ.

ಹಿಂದಿನ ಸೀಟಿನ ತೂತುಗಳು ಎಡಗಡೆ ಮೊಣಕಾಲಿನ ಹತ್ತಿರ ಇದ್ದವು. ಇಂಜಿನಿಯರರು ಎಡಕ್ಕೆ ನೋಡುತ್ತ ಕೂತರೆ ಏನೂ ತೊಂದರೆಯಿಲ್ಲ. ಬಲಕ್ಕೆ ಹೊರಳಿದರೋ, ಗಿಡ್ಡ ವೈರು ಎಳೆದುಕೊಂಡು ಪಿನ್ನು ಕಿತ್ತು ಬರುತ್ತಿತ್ತು. ಹೊಳೆ ಇವರಿಗೆ ಬೇಕೆಂದು ಎಡಗಡೆಗೇ ಹರಿಯುತ್ತದೆಯೇ? ಬಲಕ್ಕೆ ಕಂಡಾಗಲೆಲ್ಲ ಮಾತು ಕಡಿದುಹೋಗುತ್ತಿತ್ತು. ಆಗ ಇಂಜಿನಿಯರರು ಛತ್ರಿಯ ತುದಿಯಿಂದ ಮುಂದಿನವನ ಬೆನ್ನಿಗೆ ತಿವಿಯುತ್ತಿದ್ದರು. ಒಂದು ತಿವಿತಕ್ಕೆ ಕೆಳಗೆ ಹೋಗು, ಎರಡು ತಿವಿತಕ್ಕೆ ತಿರುಗಿಸು. ಆಕಾಶಕ್ಕೆ ಛತ್ರಿ ಯಾಕೆ ಒಯ್ಯುತ್ತಾರೆ ಎಂದು ನನಗೆ ಈಗಲೂ ತಿಳಿದಿಲ್ಲ.

"ನನ್ನ ಬೆನ್ನು ನೋಡ್ರಿ," ಎಂದು ಜಮಾಲ್ ಸಾಹೇಬ ಗಿರಣಿ ಸಾಹುಕಾರರ ಮುಂದೆ ಅಂಗಿ ಎತ್ತಲು ಹೋದನಂತೆ. "ಈ ತೂತು ಸರಿಸದ ಹೊರ್ತು ನಾ ಇವರನ್ನ ಹಿಂದ ಕುಂಡ್ರಿಸ್ಕೊಳ್ಳಂಗಿಲ್ಲ." ಸಾಹುಕಾರರು ಬಸಣ್ಣನನ್ನು ಕಳಿಸಿದರು.

ಎಲ್ಲಿಗೆ ಸರಿಸುವುದು ಎಂಬುದೇ ಒಂದು ದೊಡ್ಡ ಪಂಚಾಯಿತಿಯಾಯಿತು. ಇಂಜಿನಿಯರರು ಬಲಕ್ಕೆ ಇಡಿ ಎಂದರು. ಹಾಗಾದರೆ ವಾಪಸು ಬರುವಾಗ ಹೊಳೆ ಎಡಕ್ಕೆ ಬಂದು ಮತ್ತೆ ನನ್ನ ಬೆನ್ನೇ ಹೋಗುತ್ತದೆ ಎಂದು ಜಮಾಲ್ ಸಾಹೇಬ. ಕೊನೆಗೆ ಅವನೇ ತಲೆಯ ಹಿಂದೆ, ನಟ್ಟನಡುವೆ ಇಡೋಣ, ಯಾವ ಕಡೆ ಹೊರಳಿದರೂ ವೈರು ಎಳೆಯುವುದಿಲ್ಲ ಎಂದ. ಅದು ನನ್ನ ಜಡೆ ಇಳಿಯುವ ಜಾಗ. ನನ್ನ ಮೊಮ್ಮಕ್ಕಳು ಈ ಕಥೆ ಹೇಳುವಾಗ, "ನಮ್ಮ ಅಜ್ಜಿ ತನ್ನ ಜಡಿ ತೋರಿಸಿ ಸಾಹೇಬರಿಗೆ ಹೇಳಿಕೊಟ್ಲು" ಎನ್ನುತ್ತಾರೆ. ಸುಳ್ಳು. ಜಡೆ ನೆನಪಾದದ್ದು ಅವನು ಹೇಳಿದ ಮೇಲೆ, ಅದೂ ಮನೆಗೆ ಹೋಗಿ ತಲೆ ಬಾಚಿಕೊಳ್ಳುವಾಗ.

ಮಧ್ಯಾಹ್ನ ನಾನು ರೊಟ್ಟಿ ಗಂಟು ಹೊತ್ತುಕೊಂಡು ಬಯಲಿಗೆ ಹೋದಾಗ ಕೆಲಸ ನಿಂತಿತ್ತು. ಸೀಟಿನ ಹಿಂದಿನ ತಗಡಿಗೆ ಹೊಸ ತೂತುಗಳೇನೋ ಆಗಿದ್ದವು. ಆದರೆ ಹಳೆಯ ಜಾಗದಿಂದ ವೈರನ್ನು ಸೀಟಿನ ಕೆಳಗೆ ತೂರಿಸಿ ಹಿಂದಕ್ಕೆ ಎಳೆದುಕೊಂಡು, ತಗಡಿನ ಹಿಂಬದಿಯಿಂದ ನಟ್ಟು ಹಿಡಿಯಬೇಕಿತ್ತು. ಒಳಗೆ ಹೋಗಲು ಇದ್ದದ್ದು ಒಂದು ಬಟ್ಟಲಗಲದ ಬಾಯಿ. ಬಸಣ್ಣನ ಕೈ ಒನಕೆಯ ಜಾತಿ. ಜಮಾಲ್ ಸಾಹೇಬನದೂ ಮೊಣಕೈತನಕ ಹೋಗಿ ನಿಂತಿತಂತೆ. ಅವರು ನೆರಳಿನಲ್ಲಿ ಊಟಕ್ಕೆ ಕೂತರು. ನನ್ನ ಎದುರಿಗೆ ಒಂದು ಸಂದಿ, ಒಳಗೆಲ್ಲ ಕತ್ತಲೆ. ನಾನು ಮಾಡಿದ್ದನ್ನು ಹೇಳಬೇಕಾಗಿಯೇ ಇಲ್ಲ.

ಕೈ ಬೆರಳುಗಳು ಹೋದವು, ಅಂಗೈ ಹೋಯಿತು, ಬಳೆಗಳ ಹತ್ತಿರ ಬಂದು ಛಿಲ್ ಎಂದು ನಿಂತಿತು.

"ಏ ತಂಗೀ! ಅಲುಗಾಡಬ್ಯಾಡ!" ಜಮಾಲ್ ಸಾಹೇಬ ಬಾಯಲ್ಲಿ ತುತ್ತು ಇಟ್ಟುಕೊಂಡೇ ಓಡಿಬಂದ. "ಗಾಜು ಒಡದು ಒಳಗ ಬಿದ್ದೀತು! ಒಂದ ಚೂರು ಬಿದ್ರೂ ಮ್ಯಾಲೆ ಹೋದಾಗ ಎಲ್ಲಿ ಹೋಗಿ ಸಿಗಿಬೀಳ್ತದೋ ಅಲ್ಲಾಗ ಗೊತ್ತು!" ಮೆಲ್ಲಗೆ ಕೈ ಬಿಡಿಸಿಕೊಂಡೆ. ಅವನು ನನ್ನ ಕೈ ನೋಡಿದ, ಆ ಬಾಯಿ ನೋಡಿದ, ಬಸಣ್ಣನನ್ನು ನೋಡಿದ. "ಕೈ ಹೋಗ್ತದ. ಬಳಿ ಹೋಗಂಗಿಲ್ಲ."

ಬಸಣ್ಣ ಗಂಟಲು ಸರಿಮಾಡಿಕೊಂಡ. "ನಮ್ಮವ್ವನ್ನ ಕೇಳಬೇಕಾಗ್ತದ್ರಿ."

ಅಷ್ಟರಲ್ಲಿ ಇನ್ನೊಂದು ಮಾತು ಹುಟ್ಟಿತು. ಸರಿಸಿದ ಮೇಲೆ ಯಾರಾದರೂ ಹಿಂದೆ ಕೂತು, ಒಂದು ಸುತ್ತು ಹಾರಿ, ಎರಡೂ ಕಡೆ ಹೊರಳಿ, ಕೇಳುತ್ತದೋ ಇಲ್ಲವೋ ನೋಡಬೇಕು. ಇಂಜಿನಿಯರರು, ಮೊದಲು ಬೇರೆ ಯಾರಾದರೂ ಕೂತು ನೋಡಲಿ ಎಂದರು. ಎಲ್ಲರೂ ಬಸಣ್ಣನ ಕಡೆ ನೋಡಿದರು.

"ನಾ ಕುಂಡ್ರಾಕ ಏನ್ರಿ, ಕುಂಡ್ರತಿದ್ದೆ," ಎಂದ ಬಸಣ್ಣ. "ಆದ್ರ ನೆಲದ ಮ್ಯಾಲೆ ಒಬ್ಬ ನಿಂತು ಲಕ್ಷ್ಯ ಕೊಡಬೇಕಾಗ್ತದ. ಇಂಜಿನ್ ಸಪ್ಪಳ ಕೆಳಗ ಹೆಂಗ ಬರ್ತದ ಅಂತ." ಹೀಗೆ ಹೇಳುವಾಗ ಅವನ ಮುಖ ಗಿರಣಿಯ ಹಿಂಡಿಯಂತೆ ಬತ್ತಿತ್ತು. ಜಮಾಲ್ ಸಾಹೇಬ ನಕ್ಕು, "ಹಂಗಾದ್ರ ಯಾರ ಕೈ ಒಳಗ ಹೋಗ್ತದೋ ಅವರ ಮ್ಯಾಲೆ ಬರ್ಲಿ," ಎಂದ. ನಾನು ಕೇಳಿದೆ, "ಸಾಬ್, ಮ್ಯಾಲಿಂದ ಹೊಳಿ ಕಾಣ್ತಾವೇನ್ರಿ? ಎರಡೂ?" ಅವನು, "ಎತ್ತರ ಹೋದ್ರ ಎರಡೂ ಕಾಣ್ತಾವ, ಈ ಕಡಿಗೊಂದು ಆ ಕಡಿಗೊಂದು," ಎಂದ. ನಾನು ಮನೆಗೆ ಹೋದದ್ದು ನಡೆದುಕೊಂಡಲ್ಲ.

ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಹಿಂದಿನಿಂದ ಬಂದ ಬಸಣ್ಣ ಹೇಗೋ ವಿಷಯ ತಿಳಿಸಿದ. ಅತ್ತೆ ಮೊರ ಕೆಳಗಿಟ್ಟಳು.

"ಬಳಿ ತೆಗಿಯೂದು? ನನ್ನ ಮಗ ಗುಂಡಕಲ್ಲಿನಂಗ ಇಲ್ಲೆ ನಿಂತಾನ, ನೀ ಬರಿಗೈಲೆ ಊರಾಗ ಅಡ್ಯಾಡ್ತಿ?"

"ನಾನ ಹೇಳಾಕತ್ತೀನಲ್ಲಬೇ ಯವ್ವಾ, ತೆಗಿಲಿ ಅಂತ."

"ನೀ ಯಾವನು ಹೇಳಾಕ? ಅದು ನಿನ್ನ ಆಯುಷ್ಯದ ಮಾತು, ನಿನ್ನ ಕೇಳಿ ಮಾಡೂದಲ್ಲ."

ನಮ್ಮ ಕಡೆ ಬಳೆ ಒಡೆಯಿತು ಎಂದೂ ಬಾಯಲ್ಲಿ ಅನ್ನುವುದಿಲ್ಲ, ಹೆಚ್ಚಾಯಿತು ಎನ್ನಬೇಕು. ಅಂಥಾದ್ದರಲ್ಲಿ ಒಂದು ಯಂತ್ರಕ್ಕಾಗಿ ಕೈ ಬರಿದು ಮಾಡುವುದೆಂದರೆ ಅತ್ತೆ ಒಪ್ಪುತ್ತಾಳೆಯೇ? ವಿಮಾನ ಬೇಕಾದರೆ ನಡೆದುಕೊಂಡು ಹೋಗಲಿ ಎಂದಳು. ಆಗ ನಾನು ಬಾಗಿಲಿನ ಹತ್ತಿರ ನಿಂತು, ಯಾರಿಗೂ ಅಲ್ಲ ಎನ್ನುವ ಹಾಗೆ, "ಮ್ಯಾಲಿಂದ ಎರಡೂ ಹೊಳಿ ಒಮ್ಮಿಗೇ ಕಾಣ್ತಾವಂತ," ಎಂದೆ.

ಅತ್ತೆಯ ಕೈ ಜೋಳದಲ್ಲಿ ನಿಂತುಬಿಟ್ಟಿತು. ನಂತರ, "ಒಮ್ಮಿಗೇ?" ಎಂದಳು.

"ಈ ಕಡಿಗೊಂದು, ಆ ಕಡಿಗೊಂದು."

"ಒಂದ ಕೈ," ಎಂದಳು ಅತ್ತೆ. "ಬಲಗೈ ಅಷ್ಟ. ಎಡಗೈ ಬಳಿ ಇರಬೇಕು. ಬಲಗೈಗೆ ನಾ ಅರಿಷಿಣ ಕೊಂಬು ಕಟ್ತೀನಿ. ಮತ್ತ ನಿಮ್ಮ ಗೂಗಲ್ ಅಲ್ಲಮಪ್ರಭುನ ಮ್ಯಾಲೆ ಆಣಿ ಮಾಡು, ಕಣ್ಣಿಲೆ ಕಂಡದ್ದಷ್ಟ ಹೇಳ್ತೀನಿ ಅಂತ. ನಮ್ಮದು ದೊಡ್ಡದು ಕಂಡ್ರ ದೊಡ್ಡದು ಅನ್ನಬೇಕು."

ಆಣೆ ಮಾಡಿದೆ. ಅವಳಿಗೆ ತನ್ನ ಹೊಳೆಯ ಮೇಲೆ ಅಷ್ಟು ಭರವಸೆ. ನನಗೂ ನನ್ನದರ ಮೇಲೆ ಅಷ್ಟೇ ಇತ್ತು. ಅವಳೇ ಔಡಲೆಣ್ಣೆಯ ಬಟ್ಟಲು ತಂದು, ನನ್ನ ಕೈ ತೊಡೆಯ ಮೇಲಿಟ್ಟುಕೊಂಡು, ಹಿಟ್ಟು ನಾದುವಂತೆ ನಾದಿ ನಾದಿ ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿದಳು. ಒಂದೂ ಹೆಚ್ಚಾಗಲಿಲ್ಲ. ಅವನ್ನು ಮೊರದ ಜೋಳದ ಮೇಲೆ ಇಟ್ಟಳು. ಅರಿಷಿಣದ ಕೊಂಬಿಗೆ ದಾರ ಸುತ್ತಿ, ಎಣ್ಣೆ ಬಳಿದ ಮಣಿಕಟ್ಟಿಗೆ ಕಟ್ಟಿ, ಏನೋ ಮಣಮಣ ಅಂದುಕೊಂಡು ಗಂಟು ಹಾಕಿದಳು. ಎಣ್ಣೆ ಬಳಿದ ಮಣಿಕಟ್ಟಿಗೆ ಎಂದೆನಲ್ಲ, ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾವು ಮೂವರೂ ಇಟ್ಟುಕೊಳ್ಳಲಿಲ್ಲ.

ವಿಮಾನದ ಒಳಗೆ ಕೆಲಸ ಮಾಡುವುದೆಂದರೆ ಮಂಚದ ಕೆಳಗೆ ಹೊಕ್ಕು ಕೋಳಿ ಹಿಡಿದಂತೆ. ಸೀಟಿನ ಮೇಲೆ ಹೊಟ್ಟೆ, ಕೆಳಗೆ ತಲೆ, ಕೈ ಒಳಗೆ, ಕಾಲು ಹೊರಗೆ. ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡಿದ್ದೆ, ಆದರೂ ಅತ್ತೆ ಹೊರಗೆ ನಿಂತು ನನ್ನ ಪಾದಗಳ ಮೇಲೆ ಸೆರಗು ಹೊದಿಸುತ್ತಿದ್ದಳು. ಒಳಗೆ ಕಾಣುತ್ತಿರಲಿಲ್ಲ, ಬೆರಳೇ ಕಣ್ಣು. ತಣ್ಣನೆಯ ಕೊಳವೆ, ಬಿಗಿದ ತಂತಿ, ಏನೋ ಮೆತ್ತಗಿನದು. ಎಲ್ಲವನ್ನೂ ಒಂದೊಂದು ಸಲ ಮುಟ್ಟಿದೆ. ಬೇಕಾದ್ದು ವೈರು ಮಾತ್ರ, ಆದರೂ ಬಂದದ್ದಕ್ಕೆ ಎಲ್ಲ ನೋಡಿಬಿಡೋಣ ಅನಿಸಿತು. ಆ ಹೊತ್ತು ನನಗೆ ಬಹಳ ಸುಖವಾಗಿತ್ತು ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

"ಸಿಕ್ತೇನ?" ಬಸಣ್ಣ ತಗಡಿನ ಆಚೆಯಿಂದ ಕೂಗಿದ.

"ಏನೋ ಸಿಕ್ತು."

"ಏನೋ ಅಂದ್ರ ಏನು? ವೈರೋ ಏನು ಇಲಿ ಬಾಲೋ?"

"ಎಳದು ನೋಡ್ತೀನಿ ತಡಿ."

"ಏ ಎಳೀಬ್ಯಾಡ ಯವ್ವಾ!" ಎಂದು ಜಮಾಲ್ ಸಾಹೇಬ ಚೀರಿದ. "ಅದು ಬಾಲದ ತಂತಿ ಇರಬಹುದು!"

ಹೀಗೆ ಬೈಸಿಕೊಳ್ಳುತ್ತ ವೈರು ಹಿಂದಕ್ಕೆ ಬಂತು. ನಟ್ಟು ಹಿಡಿದೆ, ಬಸಣ್ಣ ಆಚೆಯಿಂದ ಬಿಗಿದ. ಕಿವಿತೂತು ಕೂತಿತು, ಬಾಯಿತೂತು ಕೂತಿತು. ಕೈ ಹೊರಗೆ ಬಂದಾಗ ಮೊಣಕೈತನಕ ಕರಿ ಮಸಿ ಹತ್ತಿತ್ತು. ಸೆರಗಿನಿಂದ ಒರೆಸಿಕೊಂಡೆ. ಒಳಗೆ ಏನೂ ಉಳಿದಿಲ್ಲವಷ್ಟೆ ಎಂದು ಜಮಾಲ್ ಸಾಹೇಬ ಕೇಳಿದ. ಬಸಣ್ಣ ತನ್ನ ಪಾನಾ, ಪಕ್ಕಡ ಎಲ್ಲ ನೆಲದ ಮೇಲೆ ಹರಡಿ ತೋರಿಸಿದ, ಎಲ್ಲ ಇದ್ದವು. ನನ್ನ ಕೈಯನ್ನು ಯಾರೂ ತಪಾಸು ಮಾಡಲಿಲ್ಲ. ಅದು ಇದ್ದಲ್ಲೇ ಇತ್ತು ನೋಡಿ.

ಇಳಿಹೊತ್ತಿಗೆ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿದರು. ತಲೆಯ ಮೇಲಿನ ಸೆರಗಿನ ಮೇಲೆಯೇ ಕಿವಿಬಟ್ಟಲು ಇಟ್ಟರು, ಅದು ನನ್ನ ಬೆಂಡೋಲೆಯನ್ನು ಒತ್ತಿ ಪ್ರಾಣ ತಿಂದಿತು. ಅತ್ತೆ ಕಿಟಕಿಯ ಹತ್ತಿರ ಬಂದು, "ಕಣ್ಣು ಮುಚ್ಚೀಯೇನ್ ಮತ್ತ!" ಎಂದಳು. ಬಸಣ್ಣ ದೂರ ನಿಂತು ಇಂಜಿನ್ನಿಗೆ ಲಕ್ಷ್ಯ ಕೊಡುತ್ತಿದ್ದ. ಬಹಳ ದೂರ.

ಮೇಲೆ ಏರಿದಾಗ ಹೊಟ್ಟೆ ಬಯಲಿನಲ್ಲೇ ಉಳಿಯಿತು. ಆಮೇಲೆ ಅದೂ ಬಂದು ಕೂಡಿಕೊಂಡಿತು. ತಲೆಯ ಹಿಂದಿನಿಂದ ಬಂದ ವೈರಿನಲ್ಲಿ ಜಮಾಲ್ ಸಾಹೇಬನ ದನಿ, ಯಾರೋ ನನ್ನ ತಲೆಯೊಳಗೇ ಕೂತು ಮಾತಾಡಿದಂತೆ: "ತಂಗೀ, ಕೇಳ್ತದೇನು?"

"ಕೇಳ್ತದ್ರೀ!" ಎಂದು ಕೂಗಿದೆ.

"ಯಾ ಅಲ್ಲಾ! ಮೆಲ್ಲಕ! ನನ್ನ ಕಿವಿ ಇಲ್ಲೇ ಅದಾವ! ಎಡಕ್ಕ ಹೊಳ್ಳಿ ನೋಡು."

ಎಡಕ್ಕೆ ಹೊರಳಿದೆ, ಪಿನ್ನು ಬರಲಿಲ್ಲ. ಬಲಕ್ಕೆ ಹೊರಳಿದೆ, ಬರಲಿಲ್ಲ. ಕೆಳಗೆ ಒಂದು ಊರು ಕಂಡಿತು, ಜೋಳ ಒಣಹಾಕಿದಂತೆ ಚದುರಿದ ಮನೆಗಳು. "ಅದು ಕಲ್ಲೂರು," ಎಂದ. ಇನ್ನೂ ಮೇಲೆ ಹೋದೆವು. ಎಡಗಡೆ ದೂರದಲ್ಲಿ ಬಿಳಿಯ ಪಟ್ಟಿಯೊಂದು ಅಂಕುಡೊಂಕಾಗಿ ಬಿದ್ದಿತ್ತು. "ಅದ ನೋಡು ತುಂಗಭದ್ರಾ."

ಕಣ್ಣು ತುಂಬ ನೋಡಿದೆ. ಅರ್ಧ ಉಸುಕು, ಅರ್ಧ ನೀರು, ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು. ಅಗಲವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ನಾನಂದುಕೊಂಡದ್ದಕ್ಕಿಂತ ಅಗಲ. ಎದೆಯಲ್ಲಿ ಸ್ವಲ್ಪ ಕಸಿವಿಸಿಯಾಯಿತು. "ಆತು ಸಾಬ್, ಇದು ನೋಡಿದೆ. ಇನ್ನ ನಮ್ಮದು ತೋರಿಸ್ರಿ, ಕೃಷ್ಣಾ."

"ಅದು ಬಲಕ್ಕ ಬರ್ತದ. ತಡಿ, ತಿರಗಸ್ತೀನಿ," ಎಂದ. ವಿಮಾನ ತಿರುಗಲಿಲ್ಲ. ಮುಂದೆ ಅವನ ಹೆಗಲು ಅಲುಗಾಡಿತು. ನನ್ನ ಮುಂದೆಯೂ ಒಂದು ಕೋಲಿತ್ತು, ಅವನದಕ್ಕೆ ಜೋಡಿ, ಮುಟ್ಟಬಾರದು ಎಂದಿದ್ದ. ಅದು ಎಡಕ್ಕೆ ಸಲೀಸಾಗಿ ಹೋಗುತ್ತಿತ್ತು, ಬಲಕ್ಕೆ ಹೋಗುವಾಗ ಅರ್ಧಕ್ಕೆ ನಿಲ್ಲುತ್ತಿತ್ತು. ದನಿ ಬದಲಾಯಿತು: "ತಂಗೀ, ಕೋಲು ಬಲಕ್ಕ ಹೋಗವಲ್ದು. ನಿನ್ನ ಕಾಲಾಗ ಏನರ ಅದ ಏನು? ಒಳಗ ಏನು ಬಿಟ್ಟಿ?"

ನಾನು ಕೈ ನೋಡಿಕೊಂಡೆ. ಎಡಗೈ ತುಂಬ ಬಳೆ. ಬಲಗೈ ಬರಿದು. ದಾರವಿಲ್ಲ, ಕೊಂಬಿಲ್ಲ. ಎಣ್ಣೆಯಲ್ಲಿ ಜಾರಿ ವಿಮಾನದ ಹೊಟ್ಟೆಯೊಳಗೆ ಬಿದ್ದದ್ದು, ಏರುವ ಮುಂಚೆ ವಿಮಾನ ಓಡುತ್ತ ಬಾಲ ಎತ್ತಿದಾಗ ಮುಂದಕ್ಕೆ ಉರುಳಿಕೊಂಡು ಬಂದು ಕೋಲಿನ ಬುಡದಲ್ಲಿ ಕೂತಿತ್ತು. ಅತ್ತೆ ಕಟ್ಟಿದ ಕೊಂಬು ಅತ್ತೆಯ ಹೊಳೆಯ ಕಡೆಗೆ ತಿರುಗಲು ಬಿಡುತ್ತಿತ್ತು, ನನ್ನ ಹೊಳೆಯ ಕಡೆಗೆ ಬಿಡುತ್ತಿರಲಿಲ್ಲ.

"ಅರಿಷಿಣ ಕೊಂಬು ಬಿದ್ದದ್ರೀ," ಎಂದೆ.

ಆಮೇಲೆ ಅವನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಾತ್ರ ಹೇಳಬಲ್ಲೆ, ಕಿವಿತೂತು ಬಹಳ ಚೆನ್ನಾಗಿ ಕೂತಿತ್ತು. ಒಂದು ಬೈಗಳವೂ ತಪ್ಪದೆ, ಒಂದು ಅಕ್ಷರವೂ ಮಸುಕಾಗದೆ ಬಂತು. ಆಮೇಲೆ ಉಸಿರು ಎಳೆದುಕೊಂಡು, "ನಾ ಎಡಕ್ಕ ಹೊಳ್ಳಿಸಿ ಸುತ್ತು ಹಾಕಿ ಇಳಸ್ತೀನಿ. ನೀ ಬಗ್ಗಿ ಅದನ್ನ ತೆಗಿ. ಬ್ಯಾರೆ ಏನೂ ಮುಟ್ಟಬ್ಯಾಡ," ಎಂದ.

ಪಟ್ಟಿ ಸಡಿಲಿಸಿ ಬಗ್ಗಿದೆ. ಕೋಲಿನ ಬುಡದಲ್ಲಿ ಒಂದು ಸಂದಿ. ಜೀವಮಾನವೆಲ್ಲ ಸಂದಿಗೆ ಕೈ ಹಾಕಿದ್ದೇನೆ, ಹೀಗೆ ಹೆದರಿ ಹಾಕಿದ್ದು ಅದೊಂದೇ. ತಲೆ ಮುಂದಿನ ಸೀಟಿನ ಕೆಳಗೆ, ವಿಮಾನ ಒಂದು ಪಕ್ಕೆಗೆ ವಾಲಿದೆ, ಬೆರಳಿನ ತುದಿಗೆ ಕೊಂಬು ತಾಗುತ್ತದೆ, ಉಗುರಿಗೆ ಸಿಗುವುದಿಲ್ಲ. ಹೆಂಗಸು ಹೆದರಿ ಎಚ್ಚರ ತಪ್ಪೀತು ಎಂದುಕೊಂಡನೋ ಏನೋ, ಜಮಾಲ್ ಸಾಹೇಬ ದನಿ ಮೆತ್ತಗೆ ಮಾಡಿ ಮಾತು ಹಚ್ಚಿದ.

"ತಂಗೀ, ಕೇಳ್ತದೇನು?"

"ಕೇಳ್ತದ್ರಿ," ಎಂದೆ ಸೀಟಿನ ಕೆಳಗಿಂದ. ಅಷ್ಟು ಬಗ್ಗಿದರೂ ಪಿನ್ನು ಕಿತ್ತಿರಲಿಲ್ಲ.

"ಹೆದರಬ್ಯಾಡ. ಎಡಕ್ಕ ಹೊಳ್ಳಿ ಹೊಳ್ಳಿ ಈಗ ಮೂತಿ ಬಡಗಣಕ್ಕ ಬಂದದ. ಏ, ಅಲ್ಲಿ ನೋಡು ಎದುರಿಗೆ! ನಿಮ್ಮ ಕೃಷ್ಣಾ! ಅಬಬಬಾ, ಏನ್ ಛಂದ ಕಾಣಾಕತ್ತದ! ನಡುವ ನಡುಗಡ್ಡಿ, ಎರಡೂ ಕಡಿ ನೀರು! ಕಂಡ್ತೇನು?"

ನನಗೆ ಕಂಡದ್ದು ಜಮಾಲ್ ಸಾಹೇಬನ ಬೂಟಿನ ಹಿಮ್ಮಡಿ ಮತ್ತು ಒಂದು ಅರಿಷಿಣದ ಕೊಂಬು. "ತಡೀರಿ! ಅಲ್ಲೇ ನಿಲ್ಲಿಸ್ರಿ!" ಎಂದು ಕೂಗಿದೆ.

"ಇದೇನು ಬಂಡಿ ಏನು ನಿಲ್ಲಿಸಾಕ?"

ಕೊಂಬು ಕೈಗೆ ಬಂತು. ತಲೆ ಎತ್ತಿದೆ. ಎದುರಿಗೆ ರಾಯಚೂರಿನ ಕೋಟೆಗುಡ್ಡ, ಕೆಳಗೆ ಬಯಲು, ಅಲ್ಲಿ ಇರುವೆಗಳಂತೆ ಜನ. ಇನ್ನೊಂದು ಸುತ್ತು ಹಾಕಿರಿ ಎಂದು ಕೈಮುಗಿದೆ. ಅವನಿಗೆ ಬೆನ್ನಿನಲ್ಲಿ ಕಣ್ಣಿರಲಿಲ್ಲ. ಬಾಯಿಂದಲೂ ಹೇಳಿದೆ. "ಇನ್ನೊಂದು ಸುತ್ತು ನಿನ್ನ ಗಂಡಗ ಹಾಕು ಅನ್ನು," ಎಂದು ಇಳಿಸಿಯೇಬಿಟ್ಟ.

ಇಳಿದವನು ಕೊಂಬನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇದು ಯಾರದು?" ಎಂದು ಜನರ ಮುಂದೆ ಕೇಳಿದ. ಅತ್ತೆ ಮುಂದೆ ಬಂದು ಅದನ್ನು ಕಸಿದುಕೊಂಡಳು. "ನಂದು. ಇದು ಇತ್ತಂತ ನೀವಿಬ್ರೂ ಉಳದು ಬಂದೀರಿ." ಇಂಜಿನಿಯರರು ಮಾತ್ರ ನನ್ನ ಹತ್ತಿರ ಬಂದು ಕೇಳಿದರು, ಪಿನ್ನು ಕಿತ್ತು ಬಂತೇ ಎಂದು. ಇಲ್ಲ ಎಂದೆ. ಬಹಳ ಸಂತೋಷದಿಂದ ಛತ್ರಿ ಬಸಣ್ಣನ ಕೈಗೆ ಕೊಟ್ಟು ಹೋದರು. ಅದು ಇನಾಮೋ, ಹಿಡಿದುಕೊಂಡಿರಲಿ ಎಂದು ಕೊಟ್ಟದ್ದೋ ತಿಳಿಯಲಿಲ್ಲ.

ದಾರಿಯುದ್ದಕ್ಕೂ ಅತ್ತೆ ತಡೆದುಕೊಂಡಿದ್ದಳು. ಹೊಸ್ತಿಲು ದಾಟಿದೊಡನೆ, "ಹೇಳು," ಎಂದಳು.

"ನಿಮ್ಮದು ಅಗಲ ಅದರಿ."

"ನಿಮ್ಮದು?"

"ನಮ್ಮದು ಎರಡೂ ಕಡಿ ನೀರು, ನಡುವ ನಡುಗಡ್ಡಿ, ಭಾಳ ಛಂದ ಅದ ಅಂತ ಜಮಾಲ್ ಸಾಬ್ ಹೇಳಿದ."

"ಹೇಳಿದ?" ಅತ್ತೆಯ ಕಣ್ಣು ಸಣ್ಣದಾಯಿತು. "ನೀ ಏನ್ ಕಂಡಿ?"

ಅಲ್ಲಮಪ್ರಭುವಿನ ಆಣೆ ನಡುವೆ ಕೂತಿತ್ತು. "ನಾ ಸೀಟಿನ ಕೆಳಗ ಇದ್ದೆ," ಎಂದೆ.

ಅತ್ತೆ ಗೆದ್ದೆ ಎಂದು ಕುಣಿಯಬೇಕಿತ್ತು. ಕುಣಿಯಲಿಲ್ಲ. ಒಲೆಯ ಮುಂದೆ ಕೂತು, ಬೇಳೆಯ ಗಡಿಗೆಯ ಮುಚ್ಚಳ ತೆರೆದು, ಬೆಂದಿಲ್ಲವೆಂದು ಮತ್ತೆ ಮುಚ್ಚಿ, "ಕಿವೀಲೆ ಕೇಳಿದ್ದು ಲೆಕ್ಕಕ್ಕಿಲ್ಲ," ಎಂದಳು. ಸ್ವಲ್ಪ ತಡೆದು, "ನಡುಗಡ್ಡಿ ಎಷ್ಟು ದೊಡ್ಡದಂತ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಕೇಳಬಾರದಾಗಿತ್ತೇನ, ಹುಚ್ಚಿ," ಎಂದಳು. ಆಗ ನನಗೆ ತಿಳಿಯಿತು, ಆ ನಾರು ಅವಳ ಹಲ್ಲಿನ ಸಂದಿಯಲ್ಲೂ ಸಿಕ್ಕಿತ್ತು ಎಂದು. ಬಸಣ್ಣ ಛತ್ರಿಯನ್ನು ಮೂಲೆಗೆ ಇಟ್ಟು, "ಎರಡೂ ಮುಂದ ಹೋಗಿ ಕೂಡ್ತಾವ," ಎಂದ. ಇಬ್ಬರೂ ಅವನ ಮೇಲೆ ಹೋದೆವು.

ಮರುದಿನ ಬೆಳಿಗ್ಗೆ ಬಳೆಗಾರ ಬಂದು ಕಟ್ಟೆಯ ಮೇಲೆ ಕೂತಿದ್ದ, ತೆಗೆದ ಬಳೆ ಮತ್ತೆ ಏರಿಸಲು ಅತ್ತೆಯೇ ಹೇಳಿಕಳಿಸಿದ್ದಳು. ಬಲಗೈ ಕೊಡಿ ತಂಗೆವ್ವ ಎಂದ. ಕೊಡ ತೊಳೆದು ಬರುತ್ತೇನೆ ಎಂದು ಹಿತ್ತಲಿಗೆ ಹೋಗಿ, ಬೇಲಿಯ ಸಂದಿಯಲ್ಲಿ ನುಸುಳಿ, ಬಯಲಿಗೆ ಓಡಿದೆ. ಜಮಾಲ್ ಸಾಹೇಬ ವಿಮಾನಕ್ಕೆ ಎಣ್ಣೆ ಹಾಕುತ್ತಿದ್ದ. ನನ್ನನ್ನು ಕಂಡೊಡನೆ ಹಿಂದಿನ ಬಾಗಿಲು ಮುಚ್ಚಿಬಿಟ್ಟ. ಅವನ ಮುಂದಿನ ಸೀಟಿನ ಕಿವಿತೂತೂ ಎಡಗಡೆ ಮೊಣಕಾಲಿನ ಹತ್ತಿರವೇ ಇತ್ತು, ಅದನ್ನು ಹಿಂದಿನ ದಿನವೇ ನೋಡಿಟ್ಟುಕೊಂಡಿದ್ದೆ. ಬರಿಗೈ ಎತ್ತಿ ತೋರಿಸಿ, "ಸಾಬ್, ನಿಮ್ಮ ತೂತು ಸರಿಸೂದಿಲ್ಲೇನ್ರಿ?" ಎಂದು ಕೇಳಿದೆ.